ಗುರುವಾರ, ಆರನೆಯ ಪೀರಿಯಡ್

ನಾಳೆ ಪರೀಕ್ಷೆ. ಇವತ್ತು ಬರೀ ಮೆಲುಕು.
ಬಿಳಿ ಹಲಗೆಯ ಮೇಲೆ ಒಂದು ಗುಡ್ಡ ಬರೆದೆ:
ಏರುವ ಗೆರೆ, ತುದಿ, ಇಳಿಯುವ ಗೆರೆ.
ನೆಬ್ರಾಸ್ಕಾದ ಈ ಬಯಲಲ್ಲಿ
ಕಣ್ಣಿಗೆ ಬೀಳುವ ಗುಡ್ಡ ಇದೊಂದೇ.
ತುದಿಗೆ ಏನನ್ನುತ್ತಾರೆ?
ಪರಾಕಾಷ್ಠೆ, ಎಂದಿತು ಮುಂದಿನ ಸಾಲು, ಆಕಳಿಸುತ್ತ.

ಉಪಮೆಗೂ ರೂಪಕಕ್ಕೂ ನಡುವೆ ಏನು?
"ಹಾಗೆ ಅನ್ನೋ ಒಂದು ಮಾತು ಮಿಸ್," ಅಂದ ಕೋಲ್ಬಿ ಹ್ರುಶ್ಕಾ,
"ಉಪಮೆ ಅದನ್ನ ಹೇಳುತ್ತೆ, ರೂಪಕ ನುಂಗಿಬಿಡುತ್ತೆ."
ಸರಿ.
ಕಿಟಕಿಯ ಸಂದಿಯಿಂದ ವಾಸನೆ ಬಂತು.
ದಕ್ಷಿಣದ ಗಾಳಿ ಎದ್ದರೆ ಬರುತ್ತದೆ, ಮಾಂಸದ ಕಾರ್ಖಾನೆಯದು.
ಯಾರೂ ಮೂಗು ಮುಚ್ಚಲಿಲ್ಲ.
ಅರ್ಧ ತರಗತಿಗೆ ಅದು ಅಪ್ಪನ ಅಂಗಿಯ ವಾಸನೆ.
ಇದನ್ನು ದೇಶಕಾಲ ಅನ್ನಬೇಕೋ ಭಾವ ಅನ್ನಬೇಕೋ
ನನ್ನ ಉತ್ತರಪತ್ರಿಕೆಯಲ್ಲಿ ಇಲ್ಲ.

ಮುಂದಿನದು ನಾಟಕೀಯ ವ್ಯಂಗ್ಯ:
ನೋಡುವವನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ.
ಉದಾಹರಣೆ ಕೊಡಿ, ಅಂದೆ.
ಪರದೆಯ ಹಿಂದೆ ಅಡಗಿದ ಕಳ್ಳ,
ಅಂಥದ್ದೇನೋ ಬರಲಿ ಅಂತ ಕಾದೆ.

ಅಬ್ಶಿರ್ ಕೈ ಎತ್ತಲಿಲ್ಲ, ಎತ್ತುವವನೂ ಅಲ್ಲ.
ಡೆಸ್ಕು ನೋಡುತ್ತಲೇ ಹೇಳಿದ:
"ಅಪ್ಪ ಇರೋದು ದೊಡ್ಡಿ ಕಡೆ.
ದನ ಹೋಗೋ ಓಣಿ ನೆಟ್ಟಗಿಲ್ಲ ಮಿಸ್, ಬಾಗಿಸಿ ಕಟ್ಟಿದಾರೆ.
ಎರಡೂ ಗೋಡೆ ಎತ್ತರ. ತಿರುವಿನಾಚೆ ಕಾಣಬಾರದು.
ನೆಟ್ಟಗಿದ್ರೆ ನಿಂತುಬಿಡ್ತವೆ.
ಬಾಗಿದ್ರೆ, ಬಂದ ಕಡೆಗೇ ವಾಪಸ್ ಹೋಗ್ತಿದೀವಿ ಅಂದ್ಕೊಂಡು
ತಾವಾಗೇ ನಡೀತವೆ."

ನನ್ನ ಮಾರ್ಕರು ಗುಡ್ಡದ ನಡುವೆ ನಿಂತಿತ್ತು.
ಇಪ್ಪತ್ತೆರಡು ವರ್ಷ ಕಥೆಯ ಹಂದರ ಕಲಿಸಿದ್ದೇನೆ;
ಇಷ್ಟು ಚೊಕ್ಕವಾಗಿ ಯಾರೂ ನನಗೆ ಕಲಿಸಿರಲಿಲ್ಲ.
ಒಳ್ಳೆಯ ಉದಾಹರಣೆ, ಅಂದೆ.
"ಉದಾಹರಣೆ ಅಲ್ಲ ಮಿಸ್," ಅಂದ. "ಕೆಲಸ."

ಸಂಘರ್ಷ ನಾಲ್ಕು ಬಗೆ, ಹಾಳೆಯಲ್ಲಿ ನಾಲ್ಕು ಗೆರೆ:
ಮನುಷ್ಯನಿಗೆ ಎದುರು ಮನುಷ್ಯ, ನಿಸರ್ಗ, ಸಮಾಜ,
ಕೊನೆಗೆ ತಾನೇ.
ಮಿರ್ಸಾ ತುಮ್ ನಾಲ್ಕನ್ನೂ ತುಂಬಿ
ಅಂಚಿನಲ್ಲಿ ಐದನೆಯದೊಂದು ಬರೆದಿದ್ದಳು, ಪೆನ್ಸಿಲಿನಲ್ಲಿ,
ಬೇಡವೆಂದರೆ ಅಳಿಸುವಷ್ಟು ತೆಳ್ಳಗೆ:
ಮನುಷ್ಯನಿಗೆ ಎದುರು ಗಡಿಯಾರ.

ರಾತ್ರಿ ಹನ್ನೊಂದರಿಂದ ಬೆಳಗಿನವರೆಗೆ
ಅದೇ ಕಾರ್ಖಾನೆಯ ನೆಲ ತೊಳೆಯುತ್ತಾಳೆ ಅಂತ
ಯಾರೋ ಅಂದಿದ್ದರು, ಚಳಿಗಾಲದಲ್ಲಿ.
ನನಗೆ ಕೇಳಿಸಿರಲಿಲ್ಲ.
ಅಂದರೆ, ಕೇಳಿಸಿತ್ತು, ಸುಮ್ಮನಿದ್ದೆ.
ನಿರೂಪಕಿ, ಸೀಮಿತ ದೃಷ್ಟಿಯವಳು.
'ನಾನು' ಎನ್ನುವವರಿಗೆ ಉತ್ತಮ ಪುರುಷ ಅಂತ
ಹೆಸರಿಟ್ಟ ಪುಣ್ಯಾತ್ಮರು ಯಾರೋ.

ಆ ಐದನೆಯದಕ್ಕೆ ತಪ್ಪು ಹಾಕಲಿಲ್ಲ. ಸರಿಯೂ ಹಾಕಲಿಲ್ಲ.
ಹಸಿರು ಪೆನ್ನು ಊರಿ ಯೋಚಿಸಿದ ಕಡೆ
ಒಂದು ಚುಕ್ಕೆ ಹಾಳೆಯ ಹಿಂಬದಿಗೂ ಇಳಿಯಿತು.

ಗಂಟೆ ಹೊಡೆಯಿತು. ಬೆಂಚುಗಳು ಕರಕರ ಎದ್ದವು.
ಮಿರ್ಸಾ ಏಳಲಿಲ್ಲ, ತೋಳ ಮೇಲೆ ತಲೆಯಿಟ್ಟು ನಿದ್ದೆ.
ಎಬ್ಬಿಸಬೇಕಿತ್ತು, ಮುಂದೆ ಅವಳಿಗೆ ಗಣಿತ.
ಹಲಗೆ ಒರೆಸಿದೆ. ಇಳಿಜಾರು ಹೋಯಿತು, ತುದಿ ಹೋಯಿತು,
ಏರುವ ಗೆರೆ ಎಷ್ಟು ಉಜ್ಜಿದರೂ
ಮಸುಕಾಗಿ ಅಲ್ಲೇ ಉಳಿಯಿತು.

ಬಾಗಿಲಲ್ಲಿ ಮುಂದಿನ ತರಗತಿ ನಿಂತಿತ್ತು.
ಸದ್ದು ಮಾಡದೆ ಬನ್ನಿ, ಅಂದೆ.
ಬಂದರು, ಅವಳ ಬೆಂಚನ್ನು ಬಳಸಿ,
ಬಾಗಿದ ಒಂದೇ ಸಾಲಾಗಿ,
ತಾವಾಗೇ.