ಷರಾ ಕಾಲಂ

ಅಂತರಸನಹಳ್ಳಿಯ ಶೆಡ್ಡಿನಲ್ಲಿ ಕದರಪ್ಪ
ಅಂಗೈಮೇಲಿಟ್ಟ ಬುಷ್ಷು ಇನ್ನೂ ಬೆಚ್ಚಗಿತ್ತು;
ಹೆಲಿಕಾಪ್ಟರಿನ ಯಾವುದೋ ಮೂಲೆಗೆ ಹೋಗುವ
ಬೆರಳುದ್ದದ ಕಂಚು.
ಲೋಹ ಇಷ್ಟು, ಲೇತು ಇಷ್ಟು, ಕೂಲಿ ಇಷ್ಟು,
ನಾನೂರ ಹನ್ನೆರಡು ಎಂದು ಕೂಡಿದೆ.

"ಇವ್ನೂ ಬರ್ಕಳಿ ಮೇಡಂ," ಅಂದ.
ಮೂರು ಸಲ ತಿದ್ದಿ ಬಂದ ನಕ್ಷೆ.
ತಪಾಸಣೆಯವರು ಬಾರದ ಹತ್ತೊಂಬತ್ತು ದಿನ.
ಇದೊಂದಕ್ಕಲ್ಲದೆ ಮತ್ಯಾವುದಕ್ಕೂ ಒದಗದ ಜಿಗ್ಗು
ಮೂಲೆಯಲ್ಲಿ ಗೋಣಿ ಹೊದ್ದು ಕೂತಿದೆ.
"ಅವ್ರು ನನ್ನ ನಂಬಲ್ಲ, ನಾನು ಅವ್ರನ್ನ.
ಅದ್ಕೇ ನಲವತ್ತು ಪುಟ ಕರಾರು."

ನನ್ನ ಹಾಳೆಯಲ್ಲಿ ಇದಕ್ಕೆಲ್ಲ ಮನೆಯೇ ಇಲ್ಲ.
ಹೋದ ವರ್ಷ ಅಂದಾಜು ದುಪ್ಪಟ್ಟಾದಾಗ
ತಾಮ್ರದ ದರವನ್ನು ಬೈದು ಸುಮ್ಮನಾಗಿದ್ದೆವು.

ಷರಾ ಕಾಲಮ್ಮಿನಲ್ಲಿ, ಪೆನ್ಸಿಲಿನಲ್ಲಿ,
"ಕಾಯುವುದು" ಎಂದು ಬರೆದು
ಮುಂದೊಂದು ಅಂಕಿ ಇಟ್ಟೆ.

ನಾಳೆ ಕಚೇರಿಯಲ್ಲಿ ಕೇಳುತ್ತಾರೆ:
ಇದು ಯಾವ ಲೋಹ?