ತುಟಿ ಓದುವವರು

ಮಗ್ಗದ ಶೆಡ್ಡಿನಾಗ ಭಾಷಾ ಇಲ್ಲ.
ಇಪ್ಪತ್ತನಾಕು ಪಾವರ್‌ಲೂಮು ಒಮ್ಮೆಲೇ ಬಡಿಯುವಾಗ
ಕನ್ನಡಾನೂ ಅಷ್ಟ, ತೆಲುಗೂ ಅಷ್ಟ, ಮರಾಠಿನೂ ಅಷ್ಟ:
ಬಾಯಿ ತೆಗೆಯೋದು, ಮುಚ್ಚೋದು.

ಅಕ್ಕಲಕೋಟಿ ಕಡಿಯಿಂದ ಸೊಲ್ಲಾಪುರಕ್ಕ
ಹದಿನೇಳರ ವಯಸ್ಸಿಗೆ ಬಂದ ನಮ್ಮಪ್ಪ ಮಲಕಣ್ಣ
ಮೊದಲ ವಾರ ಕಲಿತದ್ದು ನೇಯ್ಗಿ ಅಲ್ಲ, ಸನ್ನಿ.
ಎರಡು ಬೆರಳು ಕತ್ತರಿಯಾದರ ನೂಲು ಹರದದ.
ಹೆಬ್ಬೆರಳು ತುಟಿಗೆ ಬಂದರ ಚಹಾ.
ಮೀಸಿ ತಿರುವಿದರ ಶೇಠ ಬಂದಾನ.
ಅಂಗೈಯಿಂದ ಅಂಗೈ ಒರಸಿದರ
ಈ ವಾರ ಪಗಾರ ಇಲ್ಲ.
ಇದೊಂದನ್ನ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಮೂರು ವರ್ಷಕ್ಕ ತುಟಿ ಓದಲಿಕ್ಕೆ ಬಂತು.
ನಾಕು ಮಗ್ಗದ ಆಚೆ ನಿಂತು
ಅಂಬಾದಾಸ ಚಿಟ್ಯಾಲ ತೆಲುಗಿನಾಗ ಚಾಷ್ಟಿ ಮಾಡಿದರ
ಈಚೆ ಅಪ್ಪ ಹೊಟ್ಟಿ ಹಿಡಕೊಂಡು ನಗತಿದ್ದ.
ಹೊರಗ ಚಹಾದಂಗಡಿಯಾಗ
ಅದೇ ಅಂಬಾದಾಸ ದನಿ ತೆಗೆದು ಮಾತಾಡಿದರ
ಒಂದಕ್ಷರ ತಿಳೀತಿರಲಿಲ್ಲ.

ಸಾಖರಪೇಠದ ನಮ್ಮ ಖೋಲಿಗೂ ಶೆಡ್ಡಿಗೂ ಒಂದೇ ಗೋಡಿ.
ಮಾಡದಾಗಿನ ತಾಟು ತಾವೇ ನಡೀತಿದ್ದವು,
ಭಕ್ರಿ ಮ್ಯಾಲೆ ಹತ್ತಿಯ ಜುಂಗು.
ಅವ್ವ ಮಡಿಲಾಗ ಮರ ಇಟಗೊಂಡು
ಬೀಡಿ ಸುತ್ತತಾ, ಮರಕ್ಕೇ ಹೇಳಿದಂಗ ಮಾತಾಡತಿದ್ದಳು.
“ಮಾರಿ ಎತ್ತಿ ಮಾತಾಡು,” ಅಂತಿದ್ದ ಅಪ್ಪ.
“ಮಾರಿ ಎತ್ತಿದರ ಸಾವಿರ ತುಂಬೂದಿಲ್ಲ.”
ಅದೂ ಅವನಿಗೆ ಕೇಳತಿರಲಿಲ್ಲ.
ಒಬ್ಬರಿಗೆ ಕಿವಿ ಇಲ್ಲ, ಒಬ್ಬರಿಗೆ ಪುರುಸೊತ್ತಿಲ್ಲ,
ಇಪ್ಪತ್ತು ವರ್ಷ ಒಂದು ಜಗಳಾನೂ ಆಗಲಿಲ್ಲ.
ಓಣಿ ಮಂದಿ ಅದಕ್ಕ ಚಲೋ ಸಂಸಾರ ಅಂದರು.

ಕರೆಂಟು ಹೋದ ದಿನ ಪೇಠೆಗೆ ಪೇಠೆನೇ ನಿಂತುಬಿಡತಿತ್ತು.
ಮಂದಿ ತಮ್ಮ ದನಿಗೆ ತಾವೇ ಬೆಚ್ಚಿ
ಮೆತ್ತಗ ಮಾತಾಡತಿದ್ದರು.
ಅವ್ವನ ಕೆಮ್ಮು ಎಷ್ಟು ದೊಡ್ಡದು ಅಂತ
ನನಗ ಗೊತ್ತಾದದ್ದು ಅಂಥದೊಂದು ಮಧ್ಯಾಹ್ನ.

ಆಮ್ಯಾಲೆ ಆ ವರ್ಷ ಬಂತು.
ಊರಿಗೂರೇ ಬಾಯಿಗೆ ಅರಿವಿ ಕಟಗೊಂಡಿತು.
ಅಪ್ಪ ಖರೇ ಕಿವುಡಾದದ್ದು ಅವಾಗ.
ಅಂಗಡಿಯವ, ಪೋಲೀಸ, ಸಿವಿಲ್ ಆಸ್ಪತ್ರಿಯ ಡಾಕ್ಟರು,
ಎಲ್ಲಾರೂ ಗೋಡಿ.
ಅವ್ವನ ಬಾಯಿ ಮ್ಯಾಲೂ ಆಕ್ಸಿಜನ್ನಿನ ಮಂಜುಗಟ್ಟಿದ ಪ್ಲಾಸ್ಟಿಕ್ಕು.
ಅದರೊಳಗ ಏನೋ ಅಲುಗಾಡಿತು.
“ಏನಂದಳು?” ಅಪ್ಪ ನನ್ನ ತೋಳು ಹಿಡಿದ.

ಅವ್ವ ಅಂದದ್ದು:
ನಾಳಿಗೆ ಎಲಿ ನೆನಿ ಹಾಕು.

ನಾ ಮಾಸ್ಕು ಇಳಿಸಿ, ದನಿ ಇಲ್ಲದ
ಬ್ಯಾರೆ ಏನೋ ಹೇಳಿದೆ.
ಇಂಥಾ ಹೊತ್ತಿನಾಗ ಗಂಡಗ ಹೇಳುವಂಥದ್ದು.
ಅಪ್ಪ ನನ್ನ ತುಟಿ ಭಾಳ ಹೊತ್ತು ನೋಡಿದ.

ಮರುದಿನ ನಾ ಒಬ್ಬಾಕಿ ಮನಿಗೆ ಬಂದಾಗ
ಮೂಲ್ಯಾಗಿನ ಬಕೀಟಿನಾಗ ಬೀಡಿ ಎಲಿ ನೆನೀತಿದ್ದವು,
ಮ್ಯಾಲೆ ಒಂದು ಕಲ್ಲು ಹೇರಿತ್ತು.