ಒಂದಕ್ಕೆ ಇಪ್ಪತ್ತೇಳು

ಕೊಣಾಜೆ ಗುಡ್ಡದ ಕೋಣೆಯಲ್ಲಿ
ಎರಡು ವರ್ಷದಿಂದ ಬೆಳಕು ಎಣಿಸುತ್ತಿದ್ದೇನೆ.
ಹತ್ತಿರದ ಗೆಲಾಕ್ಸಿಗಳು. ಹತ್ತಿರ ಎಂದರೆ,
ಅಲ್ಲಿಂದ ಬೆಳಕು ಹೊರಟಾಗ
ಈ ಕಡಲು ಇನ್ನೂ ಇರಲಿಲ್ಲ.
ಬೆಳಗುವವು ಎಷ್ಟು, ಮಿಣುಕುವವು ಎಷ್ಟು,
ಒಂದು ಗೆರೆ ಎಳೆಯಬೇಕು, ಅಷ್ಟೇ ಕೆಲಸ.

ಗೆರೆ ಸುಳ್ಳು ಹೇಳುತ್ತಿತ್ತು.
ದೂರದಿಂದ ಬಂದವೆಲ್ಲ ದೊಡ್ಡವು,
ಸಣ್ಣವು ನಮ್ಮ ಅಂಗಳದಲ್ಲಿ ಮಾತ್ರ,
ದೂರದಲ್ಲಿ ಬಡವರೇ ಇಲ್ಲವೇನೋ ಎಂಬಂತೆ.

ಶನಿವಾರ ಹೆಜಮಾಡಿ ಕೋಡಿಗೆ ಹೋದೆ, ಅಪ್ಪಿ ಮಾಮಿಯ ಮನೆಗೆ.
ರಾತ್ರಿ ಒಂಬತ್ತಕ್ಕೆ ಗಾಳಿಯ ಎಚ್ಚರಿಕೆ ಬಂತು.
ಕರಾವಳಿ ಕಾವಲು ಪೊಲೀಸಿನ ಹುಡುಗ, ಗದಗದ ಕಡೆಯವ,
ದಂಡೆಯಲ್ಲಿ ನಿಂತು ಬೆರಳು ಮಡಚಿದ:
"ಹನ್ನೊಂದು ದೀಪ ಅದಾವ್ರೀ. ಅಂದ್ರ ಹನ್ನೊಂದು ದೋಣಿ."

ಮಾಮಿ ಬಂಗುಡೆ ಕೊಯ್ಯುವ ಕತ್ತಿ ಕೆಳಗಿಡಲಿಲ್ಲ.
"ಏಳು ಪರ್ಸೀನು. ಜನರೇಟರಿನ ಬೆಳಕು,
ಎಲ್ಲಿದ್ದರೂ ಕಾಣ್ತದೆ, ಒಂದಕ್ಕೆ ಒಂದೇ ಲೆಕ್ಕ.
ಈ ನಾಲ್ಕು ಬ್ಯಾಟರಿ ದೀಪದ ನಾಡದೋಣಿ,
ಕೂಗಿದರೆ ಕೇಳುವಷ್ಟು ಹತ್ತಿರ ಇದ್ದದ್ದಕ್ಕೆ ಕಂಡವು.
ಇಷ್ಟಗಲ ನೀರಿಗೆ ನಾಲ್ಕಾದರೆ
ಅಷ್ಟಗಲಕ್ಕೆ ಎಷ್ಟು?
ಕಾಣದ್ದಕ್ಕೆಲ್ಲ ನೀರು ಅಂತ ಬರೀಬೇಡ ಮಾರಾಯ."

ಹುಡುಗ ಪೆನ್ನು ಕಚ್ಚಿದ. "ನಲವತ್ತು?"

"ನಲವತ್ತು ಬೇಡ. ಪಡುಬಿದ್ರಿಯಲ್ಲಿ ಇವತ್ತು ಮದುವೆ,
ಅತ್ತ ಕಡಲು ತೆಳು. ಇಲ್ಲಿಯ ಲೆಕ್ಕ ಅಲ್ಲಿಗೆ ಹಾಗೇ ಹೊಂದುದಿಲ್ಲ.
ಮೂವತ್ತೈದು ಹಾಕು."

ನಾನು ಒಳಗೆ ಹೋಗಿ ಲ್ಯಾಪ್‌ಟಾಪು ತೆರೆದೆ.
ತೀರ ಮಸುಕಾದ ಒಂದು, ಹೆಸರಿಲ್ಲ, ನಂಬರು ಮಾತ್ರ.
ಇನ್ನು ಸ್ವಲ್ಪ ಆಚೆಗಿದ್ದರೆ ಪಟ್ಟಿಗೇ ಬರುತ್ತಿರಲಿಲ್ಲ.
ಅದು ಎಷ್ಟು ಜಾಗದೊಳಗೆ ಇದ್ದರೆ ಕಂಡೀತು ಎಂದು ಅಳೆದು
ಇಡೀ ಜಾಗವನ್ನು ಅದರಿಂದ ಭಾಗಿಸಿ
ಎದುರಿಗೆ ಬರೆದೆ: ಇಪ್ಪತ್ತೇಳು.
ಕಾಣದ ಇಪ್ಪತ್ತಾರರ ಪರವಾಗಿ ಒಂದು ಹೆಬ್ಬೆಟ್ಟು.

ಒಂದೊಂದಕ್ಕೂ ಅದರದರ ತೂಕ ಕೊಡುತ್ತ ಹೋದಂತೆ
ಗೆರೆ ಮೈಮುರಿದು ಎದ್ದಿತು.
ಬಲಕ್ಕೆ, ದೊಡ್ಡವರ ಕಡೆ,
ಬಾವಿಗೆ ಕೊಡ ಬಿದ್ದಂತೆ ಧೊಪ್ಪನೆ ಇಳಿಯಿತು.
ಎಡಕ್ಕೆ ಏರಿತು, ಏರುತ್ತಲೇ ಇತ್ತು.
ಅಲ್ಲಿ ನನ್ನ ಪಟ್ಟಿ ಮುಗಿಯಿತು.
ಏರು ಮುಗಿಯಿತೋ, ಗೊತ್ತಿಲ್ಲ.

ಬೆಳಗಿನ ಜಾವ ಎಲ್ಲರೂ ದಡ ಹತ್ತಿದರು.
ಪೊಲೀಸಿನ ಹುಡುಗ ಎರಡೆರಡು ಸಲ ಎಣಿಸಿದ:
ಮೂವತ್ತಾರು.
ಒಂದು ಹೆಚ್ಚು. ದೀಪವೇ ಇಲ್ಲದ್ದು.
ಇಂಥದ್ದಕ್ಕೆ ಯಾವ ತೂಕ ಕೊಡಲಿ?
ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ
ವಾಮನಣ್ಣ ಬರುವುದಿಲ್ಲ.

"ಬ್ಯಾಟರಿ ಮುಗಿದಿತ್ತು," ಅಂದ ಅವನು, ಬಲೆ ಮಡಚುತ್ತ.
ಮಾಮಿ ಬೈಯುತ್ತಲೇ ಇದ್ದಳು.